ಮುಂಚೆ ಎದ್ದವನು

ಅಕ್ಟೋಬರ್ 13, ಭಾನುವಾರ

ಸೋತೆವು. ಸೋತದ್ದಕ್ಕಲ್ಲ, ಸೋತ ರೀತಿಗೆ ಹೊಟ್ಟೆ ಉರಿಯುತ್ತಿದೆ. ನಮ್ಮ ಟೊಲಿಡೋ ಫುಟ್‌ಬಾಲ್ ತಂಡದ ಎಡ ಟ್ಯಾಕಲ್, ಚೆಂಡು ಎಸೆಯುವವನ ಬೆನ್ನು ಕಾಯುವ ಪ್ರೂಯಿಟ್‌ನ ಮೊಣಕಾಲು ಹೋಯಿತು, ಈ ವರ್ಷಕ್ಕೆ ಅವನ ಕಥೆ ಮುಗಿಯಿತು. ಅವನ ಜಾಗಕ್ಕೆ ಇಳಿಸಿದ ಎಳಸು ಹುಡುಗ ಬಾಗಿಲು ತೆರೆದಿಟ್ಟು ನಿಂತ. ಚೆಂಡು ಎಸೆಯುವ ನಮ್ಮ ಕ್ವಾರ್ಟರ್‌ಬ್ಯಾಕ್‌ನನ್ನು ಬೆನ್ನ ಹಿಂದಿನಿಂದ ನಾಲ್ಕು ಸಲ ಕೆಡವಿದರು. ನಾಲ್ಕನೇ ಸಲ ಎದ್ದವನು ತಲೆ ತಿರುಗಿ ಎದುರಾಳಿಗಳ ಗುಂಪಿನತ್ತ ನಡೆದುಹೋದ.

ಮನೆಗೆ ಬರುವಾಗ ಟ್ರಕ್ಕಿನಲ್ಲಿ ಅಣ್ಣ ಸ್ಟಾಶ್ ಕಿಟಕಿ ಕಡೆ ನೋಡುತ್ತಾ ಹೇಳಿದ, "ಡಾಬಿನ್ಸ್ ಖಾಲಿ ಇದಾನೆ."

"ಯಾವ ಡಾಬಿನ್ಸ್?"

"ಎಷ್ಟು ಜನ ಡಾಬಿನ್ಸ್ ಗೊತ್ತು ನಿನಗೆ, ಜೆನ್ನಿ?"

ಟ್ರಕ್ಕನ್ನು ನದಿಗೆ ಇಳಿಸದೆ ಮನೆಗೆ ತಂದದ್ದೇ ಹೆಚ್ಚು. ಹೊರೇಸ್ ಡಾಬಿನ್ಸ್. ಆರು ವರ್ಷದ ಹಿಂದಿನ ಆ ಜನವರಿಯ ಪಂದ್ಯ. ನಾಲ್ಕು ಅಂಕ ಹಿಂದೆ, ಏಳು ಸೆಕೆಂಡು ಬಾಕಿ, ಗೆರೆ ದಾಟಲು ಒಂದೇ ಒಂದು ಗಜ. ಟ್ಯಾಕಲ್ ಆದವನ ಕೆಲಸ ಏನು? ಕೈ ಊರಿ ಬಗ್ಗಬೇಕು. ಕ್ವಾರ್ಟರ್‌ಬ್ಯಾಕ್ 'ಹಟ್' ಎನ್ನುವವರೆಗೆ ಕಲ್ಲಿನ ಹಾಗಿರಬೇಕು. ಡಾಬಿನ್ಸ್ ಮುಂಚೆಯೇ ಎದ್ದ. ದಂಡವಾಗಿ ಐದು ಗಜ ಹಿಂದಕ್ಕೆ ತಳ್ಳಿದರು. ಒಂದು ಗಜ ಆರಾಯಿತು, ಎಸೆದ ಚೆಂಡು ನೆಲಕ್ಕೆ ಬಿತ್ತು, ಮುಗಿಯಿತು. ಅಪ್ಪ ಬದುಕಿದ್ದಾಗ ನೋಡಿದ ಕೊನೆಯ ಪಂದ್ಯ ಅದು. ಗೋಲ್ ಗೆರೆಯ ಹಿಂದಿನ ಮೂರನೇ ಸಾಲಿನಲ್ಲಿ ಅಪ್ಪ ಹಿಡಿದಿಟ್ಟ ಮೂರು ಸೀಟಿನಲ್ಲಿ ಅವನದನ್ನು ಆಮೇಲೆ ಬಿಟ್ಟುಕೊಟ್ಟೆವು, ಉಳಿದದ್ದು ಎರಡು. ಮೂವತ್ತೊಂದು ವರ್ಷದಿಂದ ನಾನೂ ಸ್ಟಾಶ್‌ನೂ ಅಲ್ಲಿ ಅಕ್ಕಪಕ್ಕ ಕೂರುತ್ತಿದ್ದೇವೆ.

ಆ ಡಾಬಿನ್ಸ್‌ಗೆ ಈಗ ಮೂವತ್ತಾರು. ಬೇಸಿಗೆಯಿಂದ ಯಾವ ತಂಡವೂ ಕರೆದಿಲ್ಲ. ನಮಗೆ ಮಾತ್ರ ಹಳೇ ಗಂಡನ ಪಾದವೇ ಗತಿಯೋ?

ಅಕ್ಟೋಬರ್ 15, ಮಂಗಳವಾರ

ರೇಡಿಯೋ ಕಾರ್ಯಕ್ರಮಕ್ಕೆ ಫೋನ್ ಮಾಡಿದೆ. ಅದನ್ನು ನಡೆಸುವ ವೆಂಡೆಲ್ ಎಂದಿನಂತೆ, "ಬಸ್ ಯಾರ್ಡಿನ ಜೆನ್ನಿ ಲೈನಲ್ಲಿದಾರೆ, ಕಿವಿಗೆ ಹತ್ತಿ ಇಟ್ಕೊಳ್ಳಿ ಟೊಲಿಡೋ," ಎಂದ. ಶಾಲಾ ಬಸ್ಸಿನ ಯಾರ್ಡಿನಲ್ಲಿ ಇಪ್ಪತ್ತಾರು ವರ್ಷ ಮೈಕು ಹಿಡಿದಿದ್ದೇನೆ. ನನ್ನ ಒಂದು ಮಾತಿಗೆ ನಲವತ್ತೆರಡು ಬಸ್ಸು ಹೊರಡುತ್ತವೆ. ಧ್ವನಿ ಸಣ್ಣದಿರಲು ಹೇಗೆ ಸಾಧ್ಯ?

ನನಗಿಂತ ಮುಂಚೆ ಮಾತಾಡಿದ ಪೆರಿಸ್ಬರ್ಗಿನ ಒಬ್ಬ, "ಅನುಭವ ಅಂದ್ರೆ ಅನುಭವ ಸ್ವಾಮಿ, ಕ್ವಾರ್ಟರ್‌ಬ್ಯಾಕ್ ಹುಡುಗನ ಬೆನ್ನು ಕಾಯೋಕೆ ಯಾರಾದ್ರೂ ಬೇಕಲ್ಲ," ಎಂದು ಗೋಗರೆಯುತ್ತಿದ್ದ.

"ಅನುಭವ ನನ್ನ ಅಜ್ಜಿಗೂ ಇತ್ತು," ಅಂದೆ. "ಅವಳನ್ನೂ ಕರೆಸೋಣ್ವಾ? ಅವಳು ಸತ್ತು ಮೂವತ್ತು ವರ್ಷ ಆಯ್ತು, ಡಾಬಿನ್ಸ್‌ಗಿಂತ ಕಾಲು ಚುರುಕಾಗಿರುತ್ತೆ. ಮುಂಚೆ ಅಂತೂ ಏಳಲ್ಲ."

ವೆಂಡೆಲ್ ನಗು ತಡೆಯಲಾಗದೆ ಜಾಹೀರಾತು ಹಾಕಿದ. ಯಾರ್ಡಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಸ್ಟಾಶ್ ಫೋನ್ ಮಾಡಲಿಲ್ಲ.

ಅಕ್ಟೋಬರ್ 18, ಶುಕ್ರವಾರ

ನಮ್ಮ ಹಿಂದಿನ ಸಾಲಿನಲ್ಲಿ ಕೂರುವ ಟೈರ್ ಅಂಗಡಿಯ ಕರ್ಟ್ ಒಂದು ಉಪಾಯ ಹೇಳಿದ. ಸಹಿ ಸಂಗ್ರಹ. ಒಕ್ಕಣೆ ನಾನು ಬರೆದೆ. "ನಮ್ಮನ್ನು ಮುಳುಗಿಸಿದವನನ್ನು ಮತ್ತೆ ದೋಣಿ ಹತ್ತಿಸಬೇಡಿ." ಮಧ್ಯಾಹ್ನದೊಳಗೆ ಎರಡು ಸಾವಿರ ಸಹಿ.

ಸಂಜೆ ಸ್ಟಾಶ್ ಬಂದ. ಕೋಟು ಬಿಚ್ಚಲಿಲ್ಲ, ಕೂರಲಿಲ್ಲ.

"ಇದನ್ನ ನಿಲ್ಲಿಸು," ಅಂದ.

"ಯಾಕೆ ನಿಲ್ಲಿಸ್ಲಿ? ನಿನಗೇನು ಅವನು ನೆಂಟನಾ?"

"ಒಬ್ಬ ಮನುಷ್ಯನ ಕೆಲಸ, ಜೆನ್ನಿ. ಒಂದೇ ಒಂದು ವರ್ಷ ಆಡ್ಬೇಕು ಅಂತಿದಾನೆ. ತನ್ನ ಊರಲ್ಲಿ."

"ಅವನಿಗೆ ಕೆಲಸ ಕೊಡ್ಸೋಕೆ ನಾನು ಅವನ ಮಾವ ಅಲ್ಲ."

ಸ್ಟಾಶ್ ಬಾಗಿಲ ಹಿಡಿಗೆ ಕೈ ಹಾಕಿದ. ಆಮೇಲೆ ಹೇಳಿದ, "ನಿನ್ನ ಸಹಿಯಿಂದ ಅವನು ಬರೋದು ತಪ್ಪಿದ್ರೆ, ನಾನು ಇನ್ಮೇಲೆ ನಿನ್ನ ಪಕ್ಕ ಕೂರಲ್ಲ. ಯಾವತ್ತೂ."

ಕೂರಬೇಡ, ಮೇಲಿನ ಅಂತಸ್ತಿಗೆ ಹೋಗಿ ಪಾರಿವಾಳದ ಜೊತೆ ಕೂತುಕೋ ಎಂದೆ. ಅರವತ್ತೆಂಟು ವರ್ಷದ ಗಂಡಸು, ನನಗೆ ಬೆದರಿಕೆ ಹಾಕುತ್ತಾನೆ. ನನ್ನ ಹಟ ಅವನಿಗೆ ಗೊತ್ತಿಲ್ಲವೇ?

ಅಕ್ಟೋಬರ್ 20, ಭಾನುವಾರ

ಪಂದ್ಯಕ್ಕೆ ಮುಂಚೆ ಪಾರ್ಕಿಂಗ್ ಜಾಗದಲ್ಲಿ ನಾವೆಲ್ಲ ಒಲೆ ಹಚ್ಚುವುದು ಒಂದೇ ಕಡೆ. ಇವತ್ತು ಸ್ಟಾಶ್ ಮೂರು ಸಾಲು ಆಚೆ ಹಚ್ಚಿದ. ಅಪ್ಪನ ಕಾಲದಿಂದ ಕಿಲ್ಬಾಸಾ ಸಾಸೇಜ್ ಸುಡುವುದು ಅವನು, ಎಲೆಕೋಸು ಬೇಯಿಸುವುದು ನಾನು. ನಮ್ಮ ಕಡೆ ಬರೀ ಎಲೆಕೋಸು. ಜನ ತಟ್ಟೆ ಹಿಡಿದು ಅವನ ಕಡೆ ಹೋಗಿ, ವಾಪಸು ನನ್ನ ಕಡೆ ಬಂದು, ಎರಡೂ ಕಡೆ ಹೌದಪ್ಪ ಹೌದು ಎಂದು ತಿಂದರು. ಸಂಕೋಚವೇ ಇಲ್ಲದ ಜನ.

ವಾದವೂ ತಟ್ಟೆಯ ಜೊತೆ ಓಡಾಡಿತು. ಯಾರೋ ಹೇಳಿದರಂತೆ, "ಡಾಬಿನ್ಸ್‌ಗೆ ಕಾಲು ಹೋಗಿರ್ಬಹುದು, ಕೈ ಇನ್ನೂ ಇದೆ." "ಕೈಯಲ್ಲಿ ಓಡ್ತಾನಾ ಕೇಳು," ಎಂದು ಹೇಳಿ ಕಳಿಸಿದೆ. ಉತ್ತರ ಬಂತು: "ಜೆನ್ನಿ ಬಾಯಲ್ಲಿ ಓಡಲ್ವಾ, ಹಾಗೆ." ಇದು ಸ್ಟಾಶ್‌ನದೇ ಮಾತು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಪಂದ್ಯದಲ್ಲಿ ಅವನು ನನ್ನ ಪಕ್ಕದಲ್ಲೇ ಕೂತಿದ್ದ. ಒಂದು ಮಾತಿಲ್ಲ. ಮತ್ತೆ ಸೋತೆವು. ಕ್ವಾರ್ಟರ್‌ಬ್ಯಾಕ್ ಆರು ಸಲ ಬಿದ್ದ.

ಅಕ್ಟೋಬರ್ 24, ಗುರುವಾರ

ಒಂಬತ್ತು ಸಾವಿರ ಸಹಿ. ತಂಡದವರು "ಅಭಿಮಾನಿಗಳ ಭಾವನೆಗಳನ್ನು ಗಮನಿಸುತ್ತಿದ್ದೇವೆ" ಎಂದು ಹೇಳಿಕೆ ಕೊಟ್ಟಿದ್ದಾರೆ. ಗಮನಿಸಲಿ.

ನವೆಂಬರ್ 1, ಶುಕ್ರವಾರ

ಸಕಲ ಸಂತರ ದಿನ. ಪ್ರತಿ ವರ್ಷ ಈ ದಿನ ನಾವಿಬ್ಬರೂ ಅಪ್ಪ ಅಮ್ಮನ ಸಮಾಧಿಗೆ ಹೋಗಿ ದೀಪ ಹಚ್ಚುತ್ತೇವೆ. ಮಾತು ಬಿಟ್ಟಿದ್ದರೂ ಹೋದೆವು. ಗಾಳಿಗೆ ಕಡ್ಡಿ ಆರುತ್ತಿತ್ತು. ಸ್ಟಾಶ್ ಟೋಪಿ ಅಡ್ಡ ಹಿಡಿದ, ನಾನು ಹಚ್ಚಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಬಿಡಲಿಲ್ಲ.

"ಅಪ್ಪ ಕೇಳಿಸ್ಕೋತಿದಾನೆ ನೋಡು," ಅಂದೆ. "ಅವನ ಕೊನೇ ಪಂದ್ಯ ಹಾಳು ಮಾಡಿದವನ ಪರ ಮಾತಾಡೋಕೆ ನಿನಗೆ ನಾಚಿಕೆ ಆಗಲ್ವಾ?"

ಸ್ಟಾಶ್ ಟೋಪಿ ಹಾಕಿಕೊಂಡ. "ಡಾಬಿನ್ಸ್ ತಾನಾಗಿ ಎದ್ದಿಲ್ಲ, ಜೆನ್ನಿ."

"ಮತ್ತೆ ದೆವ್ವ ಎಬ್ಬಿಸ್ತಾ?"

"ನೀನು ಎಬ್ಬಿಸ್ದೆ."

ಅರ್ಥವಾಗಲಿಲ್ಲ. ಅವನು ನಿಧಾನಕ್ಕೆ ಹೇಳಿದ. ನಮ್ಮ ಕೈಲಿ ಚೆಂಡಿದ್ದಾಗ ನಮ್ಮ ಜನ ಸದ್ದು ಮಾಡುವ ಹಾಗಿಲ್ಲ. ಆಡುವವರಿಗೆ ಕ್ವಾರ್ಟರ್‌ಬ್ಯಾಕ್ 'ಹಟ್' ಎನ್ನುವ ಎಣಿಕೆ ಕೇಳಬೇಕು. ಆ ದಿನ ಅರವತ್ತು ಸಾವಿರ ಜನ ಉಸಿರು ಬಿಗಿ ಹಿಡಿದಿದ್ದರು. "ನಿನಗೆ ತಡ್ಕೊಳ್ಳೋಕಾಗ್ಲಿಲ್ಲ. ಕ್ವಾರ್ಟರ್‌ಬ್ಯಾಕ್‌ಗಿಂತ ಮುಂಚೆ ನೀನು ಹಟ್ ಅಂದ್ಬಿಟ್ಟೆ. ಡಾಬಿನ್ಸ್ ನಮ್ಮಿಂದ ಹನ್ನೆರಡು ಗಜ ದೂರದಲ್ಲಿದ್ದ. ಅವನ ಸಾಲಿನ ಬಾಕಿ ನಾಲ್ಕು ಜನ ನಮ್ಮಿಂದ ಇನ್ನೂ ಆಚೆ. ಅವನೊಬ್ಬನೇ ಎದ್ದ."

"ಸುಳ್ಳು," ಅಂದೆ.

"ಅಪ್ಪನೂ ಕೇಳಿಸ್ಕೊಂಡ. ನನ್ನ ಕಡೆ ತಿರುಗಿ ತುಟಿ ಮೇಲೆ ಬೆರಳಿಟ್ಟ. ಅದಕ್ಕೇ ನಾನು ಇಷ್ಟು ದಿನ ಸುಮ್ನಿದ್ದಿದ್ದು."

ಸತ್ತವರ ಹೆಸರಲ್ಲಿ ಸಾಕ್ಷಿ ಹೇಳುತ್ತಾನೆ, ಸಮಾಧಿಯ ಮುಂದೆಯೇ. ಅವನನ್ನು ಅಲ್ಲೇ ಬಿಟ್ಟು ಬಂದೆ. ಬಸ್ಸಿನಲ್ಲಿ ಮನೆಗೆ ಹೋಗಿರಬೇಕು. ಹೋಗಲಿ.

ನವೆಂಬರ್ 2, ಶನಿವಾರ

ಸ್ಟಾಶ್‌ನ ಮಾತಿಗೆ ಬೆಲೆ ಏನು? ಗಾಜಿನ ಕಾರ್ಖಾನೆಯಲ್ಲಿ ಅವನ ಎಡಗಿವಿ ಹೋಗಿ ಇಪ್ಪತ್ತು ವರ್ಷವಾಯಿತು. ಅವನಿಗೆ ನೆಟ್ಟಗೆ ಕೇಳಿಸುವುದಿಲ್ಲ. ಸರಿ, ನಾನು ಕೂರುವುದು ಅವನ ಬಲಕ್ಕೆ. ಆದರೂ.

ಮೂವತ್ತೊಂದು ವರ್ಷದಿಂದ ಪಂದ್ಯ ನೋಡುತ್ತಿದ್ದೇನೆ, ಚೆಂಡು ನಮ್ಮದಿದ್ದಾಗ ಕೆಮ್ಮು ಬಂದರೂ ನುಂಗಿದ್ದೇನೆ. ನಾನು ಹಾಗೆ ಕೂಗುವವಳೇ? ಕೂಗಿದ್ದರೆ ನನಗೆ ನೆನಪಿರುತ್ತಿರಲಿಲ್ಲವೇ? ಆ ಕ್ಷಣ ನನಗೆ ಚೆನ್ನಾಗಿ ನೆನಪಿದೆ. ಅಪ್ಪನ ಕೈ ಹಿಡಿದಿದ್ದೆ. ಕ್ವಾರ್ಟರ್‌ಬ್ಯಾಕ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಎಷ್ಟು ಹೊತ್ತು ತಗೋತಾನಪ್ಪ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಮನಸ್ಸಿನಲ್ಲಿ. ಆಮೇಲೆ ಡಾಬಿನ್ಸ್ ಎದ್ದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನಲ್ಲ.

ನವೆಂಬರ್ 5, ಮಂಗಳವಾರ

ಆ ಪಂದ್ಯದ ಕೊನೆಯ ನಿಮಿಷದ ವಿಡಿಯೋ ಅಂತರ್ಜಾಲದಲ್ಲಿದೆ. ಇಷ್ಟು ವರ್ಷ ನೋಡಿರಲಿಲ್ಲ, ಹೊಟ್ಟೆ ಉರಿಯುತ್ತದೆ ಎಂದು. ಇವತ್ತು ನೋಡಿದೆ. ಹನ್ನೊಂದು ಸಲ.

'ಹಟ್' ಎನ್ನುವ ಒಂದು ಹೆಣ್ಣು ಧ್ವನಿ ಇದೆ. ಯಾವಳೋ. ಆ ಮೂಲೆಯಲ್ಲಿ ಹೆಂಗಸರು ನಾನೊಬ್ಬಳೇ ಇದ್ದೆನೇ? ಇಡೀ ದಿನ ಮೈಕಿನಲ್ಲಿ ನನ್ನ ಧ್ವನಿಯನ್ನು ನಾನೇ ಕೇಳುವವಳು, ನನಗೆ ಗೊತ್ತಾಗುವುದಿಲ್ಲವೇ?

ಯಾರ್ಡಿನಲ್ಲಿ ಹೊಸ ಡ್ರೈವರ್ ಹುಡುಗಿಗೆ ಸುಮ್ಮನೆ ರೇಗಿದೆ. "ನೀವು ಇನ್ನೂ ಹೊರಡಿ ಅಂದಿರ್ಲಿಲ್ಲ ಮೇಡಂ, ಅಂದ ಹಾಗೆ ಕೇಳಿಸ್ತು," ಎಂದಳು. ಅವಳನ್ನು ಮತ್ತಷ್ಟು ಬೈದೆ.

ನವೆಂಬರ್ 7, ಗುರುವಾರ

ಆ ಎಳಸು ಹುಡುಗನ ಕಣಕಾಲೂ ಹೋಯಿತು, ಅಭ್ಯಾಸದಲ್ಲೇ. ತಂಡದವರಿಗೆ ಬೇರೆ ದಾರಿ ಇರಲಿಲ್ಲ. ಹನ್ನೆರಡು ಸಾವಿರ ಸಹಿಯನ್ನು ಕಸದ ಬುಟ್ಟಿಗೆ ಹಾಕಿ ಡಾಬಿನ್ಸ್‌ನನ್ನು ಸೇರಿಸಿಕೊಂಡರು. ಭಾನುವಾರವೇ ಆಡುತ್ತಾನೆ.

ವೆಂಡೆಲ್ ಅವನನ್ನು ರೇಡಿಯೋದಲ್ಲಿ ಮಾತಾಡಿಸಿದ. "ಆವತ್ತು ಏನಾಯ್ತು ಅಂತ ಇವತ್ತಾದ್ರೂ ಹೇಳ್ತೀರಾ? ಯಾರೋ ಕೂಗಿದ್ರು ಅಂತ ಒಂದು ಮಾತಿದೆ."

"ಏನಾದ್ರೂ ಕೇಳಿಸಿರ್ಲಿ ಸರ್. ಎದ್ದ ಕಾಲು ನಂದು," ಎಂದ ಡಾಬಿನ್ಸ್.

ದೊಡ್ಡ ಮನುಷ್ಯನ ಹಾಗೆ ಮಾತಾಡುತ್ತಾನೆ. ಯಾರು ಕೇಳಿದರು ಇವನ ದೊಡ್ಡತನ? ಕೇಳಿಸಿತು ಎಂದು ಹೇಳಿಬಿಡಬಹುದಿತ್ತಲ್ಲ. ಆರು ವರ್ಷ ಊರೆಲ್ಲ ಉಗಿಸಿಕೊಂಡು ಬಾಯಿ ಮುಚ್ಚಿಕೊಂಡಿರುವವನನ್ನು ಕಂಡರೆ ನನಗೆ ಆಗುವುದಿಲ್ಲ. ರೇಡಿಯೋ ಆರಿಸಿದೆ.

ನವೆಂಬರ್ 8, ಶುಕ್ರವಾರ

ವೆಂಡೆಲ್ ಕಡೆಯವರು ಎರಡು ಸಲ ಫೋನ್ ಮಾಡಿದರು. ಎತ್ತಲಿಲ್ಲ. ಯಾರ್ಡಿನಲ್ಲಿ ಕೆಲಸ ಜಾಸ್ತಿ.

ಕರ್ಟ್ ಬಂದಿದ್ದ. ಅವನ ಹೊಸ ಯೋಜನೆ: ಡಾಬಿನ್ಸ್ ಬಗ್ಗಿ ಕೂತಾಗಲೆಲ್ಲ ನಮ್ಮ ಇಡೀ ವಿಭಾಗ 'ಹಟ್, ಹಟ್' ಎಂದು ಕೂಗಬೇಕಂತೆ. ಮತ್ತೆ ಮುಂಚೆ ಏಳಲಿ, ತಂಡದವರು ಬುದ್ಧಿ ಕಲಿಯಲಿ.

"ಚೆಂಡು ನಮ್ಮದಿದ್ದಾಗ ಕೂಗೋದಾ?" ಅಂದೆ. "ನಿನ್ನ ತಲೆಯಲ್ಲಿರೋದು ಮಿದುಳೋ, ಟೈರಿನ ಗಾಳಿಯೋ? ಕ್ವಾರ್ಟರ್‌ಬ್ಯಾಕ್ ಹುಡುಗನಿಗೆ ಏಟು ಬೀಳುತ್ತೆ."

"ಸಹಿಗೆ ಒಕ್ಕಣೆ ಬರ್ದಿದ್ದು ನೀವು, ಈಗ ಹಿಂದೆ ಸರೀತೀರಾ?"

"ನಾನೆಲ್ಲಿ ಹಿಂದೆ ಸರಿದೆ? ಡಾಬಿನ್ಸ್ ದರಿದ್ರದವನು ಅಂತ ಈಗಲೂ ಹೇಳ್ತೀನಿ. ಆದ್ರೆ ಆಟಕ್ಕೊಂದು ಪದ್ಧತಿ ಇದೆ."

ಪದ್ಧತಿಯ ಮಾತು ಅಷ್ಟೇ. ಡಾಬಿನ್ಸ್‌ಗೂ ಇದಕ್ಕೂ ಸಂಬಂಧವಿಲ್ಲ. ಕರ್ಟ್ ಬಾಗಿಲು ಬಡಿದು ಹೋದ.

ನವೆಂಬರ್ 10, ಭಾನುವಾರ

ಸ್ಟಾಶ್‌ನ ಸೀಟು ಖಾಲಿ. ಡಾಬಿನ್ಸ್ ಬಂದನಲ್ಲ, ಮಾತಿನ ಪ್ರಕಾರ ಸ್ಟಾಶ್ ನನ್ನ ಪಕ್ಕ ಕೂರಬೇಕಿತ್ತು. ಆದರೆ ಸಮಾಧಿಯ ಹತ್ತಿರ ಬಿಟ್ಟುಬಂದದ್ದಕ್ಕೋ ಏನೋ, ಎಡ ಮೂಲೆಯಲ್ಲಿ ಮೆಟ್ಟಿಲ ಹತ್ತಿರ ನಿಂತೇ ನೋಡುತ್ತಿದ್ದ. ನಾನು ಕರೆಯಲಿಲ್ಲ. ಖಾಲಿ ಸೀಟಿನ ಮೇಲೆ ಕೋಟು ಇಟ್ಟೆ, ಬೇರೆ ಯಾರೂ ಕೂರಬಾರದೆಂದು.

ಡಾಬಿನ್ಸ್ ಬಗ್ಗೆ ನಾನು ಹೇಳಿದ್ದೆಲ್ಲ ನಿಜ. ಕಾಲು ಹೋಗಿದೆ. ಮೊದಲ ಅರ್ಧದಲ್ಲೇ ಎದುರಾಳಿ ತಂಡದ ಒಬ್ಬ ಎಳೆಯ ಹುಡುಗ ಅವನನ್ನು ಎರಡು ಸಲ ಸುತ್ತಿಕೊಂಡು ಹೋಗಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ. ಎದ್ದು ನಿಂತು ಬೈದೆ. ಬೈಯಬೇಕಾದ್ದೇ. ಆದರೆ ಒಂದು ಗಮನಿಸಿದೆ. ಅವನು ಎಣಿಕೆ ಕೇಳುತ್ತಿರಲಿಲ್ಲ. ಕತ್ತು ತಿರುಗಿಸಿ ಚೆಂಡನ್ನೇ ನೋಡುತ್ತಿದ್ದ, ಚೆಂಡು ಅಲುಗಿದ ಮೇಲೆ ಏಳುತ್ತಿದ್ದ. ಅದಕ್ಕೇ ತಡ. ಊರವರ ಬಾಯಿಗೆ ಹೆದರಿ ಕಿವಿಯನ್ನೇ ನಂಬದ ಹಾಗಾಗಿದ್ದಾನೆ.

ಮೂರನೇ ಕಾಲುಭಾಗದಲ್ಲಿ ನಮ್ಮವರು ನಮ್ಮ ಮುಂದಿನ ಗೆರೆಯ ಹತ್ತಿರ ಬಂದರು. ಎರಡು ಗಜ ಬಾಕಿ. ಡಾಬಿನ್ಸ್ ನನ್ನೆದುರೇ ಬಗ್ಗಿ ಕೂತ. ಬೆರಳಿಗೆಲ್ಲ ಪಟ್ಟಿ, ಗಡ್ಡದಲ್ಲಿ ಬಿಳಿ ಕೂದಲು. ಇಡೀ ಸ್ಟೇಡಿಯಂ ಗಪ್‌ಚುಪ್. ಆಗ ಹಿಂದಿನಿಂದ ಕರ್ಟ್ ಶುರು ಮಾಡಿದ. "ಹಟ್." ಅವನ ಪಕ್ಕದವರು, "ಹಟ್, ಹಟ್." ಹತ್ತು ಸಾಲು ಸೇರಿಕೊಂಡಿತು. ನಮ್ಮ ಜನ, ನಮ್ಮ ಬಣ್ಣದ ಅಂಗಿ ಹಾಕಿಕೊಂಡು, ನಮ್ಮವನಿಗೇ. ಕ್ವಾರ್ಟರ್‌ಬ್ಯಾಕ್ ಹಿಂದೆ ಸರಿದು ಎರಡೂ ಕೈ ಎತ್ತಿ, ಸುಮ್ಮನಿರಿ ಎಂದು ಬೇಡಿಕೊಂಡ. ಇನ್ನೂ ಜೋರಾಯಿತು.

ನಾನು ಮೈದಾನಕ್ಕೆ ಬೆನ್ನು ಮಾಡಿ ಎದ್ದು ನಿಂತೆ. "ಬಾಯಿ ಮುಚ್ಚಿ ಎಲ್ಲಾ," ಅಂದೆ.

"ಕೂತ್ಕೋ ಮುದುಕಿ," ಯಾರೋ ಅಂದ. ಕರ್ಟ್ ನಕ್ಕ. "ಆವತ್ತು ಮುಂಚೆ ಎದ್ದವನಿಗೆ ಇವತ್ತು ಸ್ವಲ್ಪ ಸಹಾಯ ಮಾಡ್ತಿದೀವಿ ಅಷ್ಟೇ, ಜೆನ್ನಿ."

"ಆವತ್ತು ಅವನಾಗಿ ಏಳಲಿಲ್ಲ. ಹಟ್ ಅಂದವಳು ನಾನು."

ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಯಾರ್ಡಿನ ಧ್ವನಿಯಲ್ಲಿ, ಹತ್ತು ಸಾಲಿಗೂ ಕೇಳುವ ಹಾಗೆ. "ನಾನು ಕೂಗಿದೆ, ಅವನು ಎದ್ದ. ಸೋಲಿಸಿದ್ದು ನಾನು. ಕೂಗೋದಿದ್ರೆ ನನ್ನ ಮೇಲೆ ಕೂಗಿ."

ಇವರಿಗೆ ಹೇಳಿಕೊಡಬೇಕೇ? ಮೊದಲು ಎದೆಗೆ ಬಿಯರ್ ಬಂತು, ಆಮೇಲೆ ಲೋಟವೂ ಬಂತು. ಕರ್ಟ್‌ನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. "ಆರು ವರ್ಷದಿಂದ ನಮ್ಮ ಕೈಲಿ ಬೈಸ್ತಾ ಇದ್ಯಲ್ಲೇ," ಎಂದ. ಬಾಯಿಗೆ ಬಂದದ್ದೆಲ್ಲ ಅಂದರು. ಡಾಬಿನ್ಸ್‌ಗೆಂದು ನಾನೇ ಹುಟ್ಟಿಸಿದ ಬೈಗುಳಗಳೂ ಅದರಲ್ಲಿದ್ದವು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಇಡೀ ಸ್ಟೇಡಿಯಂ ಭೋರೆಂದಿತು. ತಿರುಗಿ ನೋಡಿದರೆ ನಮ್ಮವರು ಗೆರೆಯಾಚೆ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಅಂಕ ಬಂದಿತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನನ್ನ ಕಣ್ಣೆದುರಿನ ಅಂಕವನ್ನು ನಾನು ನೋಡಲಿಲ್ಲ.

ಮೆಟ್ಟಿಲಿಂದ ಸ್ಟಾಶ್ ಇಳಿದು ಬಂದ. ಬೈಯುತ್ತಿದ್ದವರ ನಡುವೆ ದಾರಿ ಮಾಡಿಕೊಂಡು, ನನ್ನ ಕೋಟು ಎತ್ತಿ ನನ್ನ ಹೆಗಲಿಗೆ ಹಾಕಿ, ತನ್ನ ಸೀಟಿನಲ್ಲಿ ಕೂತ.

"ಅಂಕ ಹೇಗೆ ಬಂತು?" ಅಂದೆ.

"ಎಲ್ಲಾ ನಿನ್ನ ಬೈಯೋದ್ರಲ್ಲಿದ್ರು, ಯಾರೂ ಹಟ್ ಅನ್ಲಿಲ್ಲ," ಅಂದ. "ಡಾಬಿನ್ಸ್ ಕಣ್ಣು ಮುಂದಕ್ಕೇ ಇಟ್ಟಿದ್ದ. ಎಣಿಕೆ ಕೇಳಿಸ್ಕೊಂಡು ಎದ್ದ. ಆ ಎಳೇ ಹುಡುಗನ್ನ ಎತ್ತಿ ಮಲಗಿಸ್ದ."

ಕೊನೆಗೆ ಮೂರು ಅಂಕದಿಂದ ಸೋತೆವು. ಡಾಬಿನ್ಸ್ ಇನ್ನೂ ಎರಡು ಸಲ ಕ್ವಾರ್ಟರ್‌ಬ್ಯಾಕ್ ಬೀಳಲು ಬಿಟ್ಟ. ಆ ಕಾಲಿಗೆ ಇದು ಕೊನೆಯ ವರ್ಷ, ಸಂಶಯವಿಲ್ಲ.

ಪಾರ್ಕಿಂಗ್ ಜಾಗದಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ. ಟ್ರಕ್ಕಿನ ಗಾಜಿನ ಮೇಲೆ ಯಾರೋ ಆಗಲೇ ಎಲೆಕೋಸು ಎರಚಿದ್ದರು. ಅದನ್ನು ಒರೆಸುತ್ತಾ ಸ್ಟಾಶ್‌ನನ್ನು ಕೇಳಿದೆ, "ಆವತ್ತೇ ನನಗೆ ಹೇಳೋಕೆ ಏನಾಗಿತ್ತು ನಿನಗೆ?"

"ಹೇಳಿದ್ರೆ ನೀನು ಆಮೇಲೆ ಮ್ಯಾಚಲ್ಲಿ ಬಾಯೇ ಬಿಡ್ತಿರ್ಲಿಲ್ಲ. ನಿನ್ನ ಬಾಯಿಲ್ದೆ ನಾನು ಯಾವ ಮ್ಯಾಚ್ ನೋಡ್ಲಿ?" ಅಂದ. ಆಮೇಲೆ ಇನ್ನೂ ಸ್ವಲ್ಪ ಒರೆಸಿದ. "ಅವನಿಗೆ ಹೇಗೂ ಊರೆಲ್ಲ ಬೈತಿದೆ, ಬೈಸ್ಕೊಳ್ಳಿ ಬಿಡು ಅಂದ್ಕೊಂಡೆ. ನನ್ನ ತಂಗಿ ನನಗಿರ್ಲಿ ಅಂತ. ತಪ್ಪು ನಂದು, ಜೆನ್ನಿ."

"ಅಲ್ಲ, ನಂದು," ಅಂದೆ.

ಸುತ್ತ ಕಾರುಗಳ ಹಾರ್ನ್ ಸದ್ದು. ಅವನಿಗೆ ಕೇಳಿಸಲಿಲ್ಲ. "ಏನು?" ಅಂದ.

ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಒಂದು ಮಾತಾಡಿದ್ದೆ. ಅದನ್ನೂ ಕೂಗಿಯೇ ಹೇಳಬೇಕಾಯಿತು.